ಯಾರ್ಕ್‌ಷೈರಿನ ಚಿಂದಿ ಬೈಗುಳವಾದ ಕಥೆ

ಕಟ್ಟಿದ ವರ್ಷದಲ್ಲೇ ಸೇತುವೆ ಬಿರುಕು ಬಿಟ್ಟರೆ ಕನ್ನಡ ಪತ್ರಿಕೆ ‘ಕಳಪೆ ಕಾಮಗಾರಿ’ ಅನ್ನುತ್ತದೆ. ಇಂಗ್ಲಿಷ್ ಪತ್ರಿಕೆ ‘ಶಾಡಿ ವರ್ಕ್’ ಅನ್ನುತ್ತದೆ. ಓದುವವರಿಗೆ ಎರಡೂ ಒಂದೇ. ಆದರೆ ‘ಶಾಡಿ’ ಅನ್ನೋದು ಹುಟ್ಟಿದಾಗ ಬೈಗುಳವಾಗಿರಲಿಲ್ಲ. ಅದು ಒಂದು ಸರಕಿನ ಹೆಸರು, ಅಷ್ಟೇ. ಉತ್ತರ ಇಂಗ್ಲೆಂಡಿನ ಯಾರ್ಕ್‌ಷೈರ್‌ನಲ್ಲಿ ಬ್ಯಾಟ್ಲಿ, ಡ್ಯೂಸ್‌ಬರಿ, ಆಸೆಟ್ ಅಂತ ಅಕ್ಕಪಕ್ಕದ ಊರುಗಳಿವೆ. ಹಳೇ ಉಣ್ಣೆ ಬಟ್ಟೆಯನ್ನು ಹಿಂಜಿ, ಮತ್ತೆ ನೂಲಲು ಬರುವ ಹಾಗೆ ಮಾಡಿದ ಎಳೆಗೆ ಆ ಸೀಮೆಯ ಜನ ಶಾಡಿ ಎನ್ನುತ್ತಿದ್ದರು. ಅದನ್ನು ಮಾಡುವವರಿಗೂ ಮಾರುವವರಿಗೂ ಆ ಹೆಸರು ಹೇಳಲು ಯಾವ ನಾಚಿಕೆಯೂ ಇರಲಿಲ್ಲ.

ಪದದ ಮೂಲದ ಬಗ್ಗೆ ನಿಘಂಟುಗಳು ಕೈ ತೊಳೆದುಕೊಳ್ಳುತ್ತವೆ. ಉದುರಿಸು ಎಂಬ ಅರ್ಥದ ‘ಷೆಡ್’ನಿಂದ ಬಂದಿರಬಹುದು ಅನ್ನೋದು ಒಂದು ಊಹೆ. ಮಿಲ್ಲಿನಲ್ಲಿ ಉಣ್ಣೆ ನೂಲುವಾಗ ನೆಲಕ್ಕೆ ಉದುರುವ ತುಂಡು ಎಳೆಗಳಿಗೆ ಇದ್ದ ಹೆಸರು ಆಮೇಲೆ ಚಿಂದಿ ಎಳೆಗೂ ಅಂಟಿಕೊಂಡಿತು ಎನ್ನುವ ವಾದ ಅದು. ನನಗೇನೋ ಇದು ಒಪ್ಪುವಂತೆ ಕಾಣುತ್ತದೆ. ಅಚ್ಚಿನಲ್ಲಿ ಪದ ಕಾಣಿಸಿಕೊಳ್ಳುವುದು 1830ರ ದಶಕದ ಹೊತ್ತಿಗೆ. ಬಾಯಿಮಾತಿನಲ್ಲಿ ಅದಕ್ಕೂ ಮೊದಲೇ ಇದ್ದಿರಬೇಕು. ಯಾಕೆಂದರೆ ಕಸುಬು ಅದಕ್ಕಿಂತ ಹಳೆಯದು.

ಕಸುಬು ಶುರು ಮಾಡಿದವನು ಬ್ಯಾಟ್ಲಿಯ ಬೆಂಜಮಿನ್ ಲಾ, 1813ರಲ್ಲಿ. ಆಗ ನೆಪೋಲಿಯನ್ ಜೊತೆ ಯುದ್ಧ ನಡೆಯುತ್ತಿತ್ತು. ಒಂದು ಕಡೆ ಯುರೋಪಿನಿಂದ ಬರಬೇಕಾದ ಉಣ್ಣೆಗೆ ಅಡ್ಡಿ. ಇನ್ನೊಂದು ಕಡೆ ಸೈನ್ಯಕ್ಕೆ ಕೋಟು, ಕಂಬಳಿ ಎಷ್ಟಿದ್ದರೂ ಸಾಲದು. ಕುದುರೆಯ ಜೀನಿನೊಳಗೆ ಹಳೇ ಬಟ್ಟೆ ಹಿಂಜಿ ತುಂಬುವುದನ್ನು ಲಂಡನ್ನಿನಲ್ಲಿ ಲಾ ನೋಡಿದನಂತೆ. ತುಂಬಲು ಬರುವ ಎಳೆಯನ್ನು ನೂಲಲು ಯಾಕಾಗಬಾರದು ಅಂತ ಅವನಿಗೆ ಅನ್ನಿಸಿತಂತೆ. ಕಥೆಯ ಈ ಭಾಗಕ್ಕೆ ಬ್ಯಾಟ್ಲಿಯವರೇ ಸಾಕ್ಷಿ. ಊರಿನ ಹೆಮ್ಮೆ ಸ್ವಲ್ಪ ಬೆರೆತಿದ್ದರೂ ಆಶ್ಚರ್ಯವಿಲ್ಲ.

ಈ ಕೆಲಸವನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಇಲ್ಲದಿದ್ದರೆ ಮುಂದಿನ ಜಗಳ ಅರ್ಥವಾಗುವುದಿಲ್ಲ.

ಚಿಂದಿ ಮೂಟೆ ಮೂಟೆಯಾಗಿ ಬರುತ್ತಿತ್ತು. ಮೊದಲ ಕೆಲಸ ಆರಿಸುವುದು. ಮೇಜಿನ ಮುಂದೆ ಸಾಲಾಗಿ ನಿಂತ ಹೆಂಗಸರು, ಹುಡುಗಿಯರು ಹೊಲಿಗೆ ಬಿಚ್ಚಿ, ಗುಂಡಿ, ಕೊಕ್ಕೆ ಕಿತ್ತು, ಬಣ್ಣ ಬಣ್ಣವನ್ನೇ ಬೇರೆ ಮಾಡುತ್ತಿದ್ದರು. ಕಪ್ಪು ಒಂದು ಗುಡ್ಡೆ, ನೀಲಿ ಒಂದು, ಕೆಂಪು ಒಂದು. ಇದರಿಂದ ಒಂದು ದೊಡ್ಡ ಲಾಭವಿತ್ತು. ನೀಲಿ ಚಿಂದಿಯಿಂದ ನೀಲಿ ಬಟ್ಟೆಯೇ ಬರುವುದರಿಂದ ಎಷ್ಟೋ ಸಲ ಹೊಸದಾಗಿ ಬಣ್ಣ ಹಾಕುವ ಖರ್ಚೇ ಇರುತ್ತಿರಲಿಲ್ಲ. ಆಮೇಲೆ ಎಣ್ಣೆ ಚಿಮುಕಿಸಿ ಯಂತ್ರಕ್ಕೆ ಕೊಡುವುದು. ಯಂತ್ರವೆಂದರೆ ಮೈತುಂಬ ಕಬ್ಬಿಣದ ಹಲ್ಲುಗಳಿದ್ದ, ಜೋರಾಗಿ ತಿರುಗುವ ಒಂದು ಉರುಳೆ. ಅದಕ್ಕೆ ಜನ ಇಟ್ಟ ಹೆಸರು ‘ಡೆವಿಲ್’. ದೆವ್ವ! ಬಟ್ಟೆ ಒಳಗೆ ಹೋಗಿ ಎಳೆಯಾಗಿ ಹೊರಗೆ ಬರುತ್ತಿತ್ತು. ಜೊತೆಗೆ ಬರುತ್ತಿದ್ದ ಧೂಳಿಗೆ ದೆವ್ವದ ಧೂಳು ಎಂದೇ ಹೆಸರಾಯಿತು.

ಹೀಗೆ ಹಿಂಜಿದ ಎಳೆ ಗಿಡ್ಡ. ಕುರಿಯ ಮೈಯಿಂದ ಈಗಷ್ಟೇ ಕತ್ತರಿಸಿದ ಉಣ್ಣೆಯ ಉದ್ದ ಅದಕ್ಕಿಲ್ಲ. ಹಾಗಾಗಿ ಅದಕ್ಕೆ ಹೊಸ ಉಣ್ಣೆ ಬೆರೆಸಿ ನೂಲುತ್ತಿದ್ದರು. ಎಷ್ಟೋ ಕಡೆ ಉದ್ದಕ್ಕೆ ಹಾಯುವ ಹಾಸು ಎಳೆಗೆ ಹತ್ತಿ ನೂಲು, ಅಡ್ಡಕ್ಕೆ ಹಾಯುವ ಹೊಕ್ಕು ಎಳೆಗೆ ಶಾಡಿ ನೂಲು ಹಾಕಿ ನೇಯುತ್ತಿದ್ದರು. ನೇಯ್ದ ಬಟ್ಟೆಯನ್ನು ನೀರಿನಲ್ಲಿ ಬಡಿದು ಬಡಿದು, ಎಳೆಗೆ ಎಳೆ ಹೆಣೆದುಕೊಂಡು ದಪ್ಪವಾಗುವಂತೆ ಮಾಡುತ್ತಿದ್ದರು. ಕೊನೆಗೆ ಮೇಲ್ಮೈ ಉಜ್ಜಿ ನವಿರು ಎಬ್ಬಿಸಿದರೆ ಹೊಸ ಉಣ್ಣೆಯ ಬಟ್ಟೆಗೂ ಇದಕ್ಕೂ ವ್ಯತ್ಯಾಸ ಅಂಗಡಿಯಲ್ಲಿ ನಿಂತವನಿಗೆ ತಿಳಿಯುತ್ತಿರಲಿಲ್ಲ. ಬೆರಕೆ ಸರಿಯಾಗಿದ್ದರೆ ಕೋಟು ಎಷ್ಟೋ ಚಳಿಗಾಲ ಬಾಳುತ್ತಿತ್ತು. ಹೊಸ ಉಣ್ಣೆ ಕೊಳ್ಳಲಾಗದ ಕೂಲಿಯವನಿಗೂ ಬೆಚ್ಚನೆಯ ಕೋಟು ಸಿಕ್ಕಿದ್ದು ಇದರಿಂದಲೇ. ಆದರೆ ಬೆರಕೆಯಲ್ಲಿ ಕೈ ಬಿಗಿ ಮಾಡಿದರೆ ಬಟ್ಟೆ ಬೇಗ ಬಿಟ್ಟುಕೊಳ್ಳುತ್ತಿತ್ತು. ಮೋಸಕ್ಕೆ ದಾರಿಯಾದದ್ದು ಇದೇ.

ಶಾಡಿಗೆ ಒಬ್ಬ ತಮ್ಮನೂ ಇದ್ದ, ಹೆಸರು ‘ಮಂಗೊ’. ಸ್ವೆಟರ್, ಕಾಲುಚೀಲದಂಥ ಮೆತ್ತಗಿನ ಬಟ್ಟೆ ಹಿಂಜಿದರೆ ಶಾಡಿ. ಟೈಲರ್ ಅಂಗಡಿಯ ಕತ್ತರಿ ಚೂರು, ಹಳೇ ಕೋಟಿನಂಥ ಬಿಗಿ ನೇಯ್ಗೆಯ ಬಟ್ಟೆ ಹಿಂಜಿದರೆ ಬರುವ ಇನ್ನೂ ಗಿಡ್ಡ ಎಳೆ ಮಂಗೊ. ಈ ಹೆಸರಿಗೆ ಒಂದು ಕಥೆ ಇದೆ. ಬಿಗಿ ಬಟ್ಟೆಯನ್ನು ಯಂತ್ರಕ್ಕೆ ಕೊಟ್ಟಾಗ ಆಳು ‘ಇದು ಹೋಗಲ್ಲ’ ಅಂದನಂತೆ. ಯಜಮಾನ ‘ಇಟ್ ಮನ್ ಗೋ’ ಅಂತ ಗದರಿದನಂತೆ. ಯಾರ್ಕ್‌ಷೈರಿನ ಮಾತಿನಲ್ಲಿ ‘ಮನ್’ ಅಂದರೆ ‘ಲೇಬೇಕು’, ಹೋಗಲೇಬೇಕು ಅಂತ. ಕೇಳಲು ಚೆನ್ನಾಗಿದೆ. ಇಷ್ಟು ಚೆನ್ನಾಗಿರುವ ಪದಕಥೆಗಳನ್ನು ನಂಬುವಾಗ ಸ್ವಲ್ಪ ಹುಷಾರಾಗಿರಬೇಕು ಅಲ್ವಾ?

19ನೇ ಶತಮಾನದ ನಡುಭಾಗಕ್ಕೆ ಈ ಊರುಗಳು ಚಿಂದಿಯಿಂದಲೇ ದೊಡ್ಡವಾದವು. ಬ್ಯಾಟ್ಲಿಗೆ ‘ಶಾಡಿಯೊಪೊಲಿಸ್’ ಎಂಬ ಅಡ್ಡಹೆಸರು ಬಿತ್ತು. ಡ್ಯೂಸ್‌ಬರಿಯಲ್ಲಿ ಚಿಂದಿಯ ಹರಾಜು ನಡೆಯುತ್ತಿತ್ತು. 1860ರಲ್ಲಿ ಸ್ಯಾಮ್ಯುಯೆಲ್ ಜಬ್ ಎಂಬ ಬ್ಯಾಟ್ಲಿಯವನು ಶಾಡಿ ವ್ಯಾಪಾರದ ಇತಿಹಾಸವನ್ನೇ ಪುಸ್ತಕವಾಗಿ ಬರೆದ. ‘ಶಾಡಿ’ ಎಂಬ ಪದ ಶೀರ್ಷಿಕೆಯಲ್ಲೇ ಇತ್ತು. ಆಸೆಟ್ ಊರಿನ ಲಾಂಛನದ ಮೇಲೆ ಲ್ಯಾಟಿನ್‌ನಲ್ಲಿ ಬರೆಸಿದ ಧ್ಯೇಯವಾಕ್ಯದ ಅರ್ಥ ‘ಕೆಲಸಕ್ಕೆ ಬಾರದ್ದು ಕೈಚಳಕದಿಂದ ಕೆಲಸಕ್ಕೆ ಬಂತು’ ಅಂತ. ತಮ್ಮ ಊರನ್ನು ಬೆಳೆಸಿದ್ದು ಚಿಂದಿ ಅಂತ ಮುನಿಸಿಪಾಲಿಟಿಯೇ ಒಪ್ಪಿಕೊಂಡ ಹಾಗಾಯಿತು.

ಇದರ ಇನ್ನೊಂದು ಮುಖ ಅಷ್ಟು ಚಂದವಿರಲಿಲ್ಲ. ಚಿಂದಿ ಯಾರ ಮನೆಯದೋ, ಯಾರ ಮೈಮೇಲಿಂದ ಬಂದದ್ದೋ. ಅದರ ಜೊತೆ ಸಿಡುಬೂ ಬರುತ್ತಿತ್ತು. ಚಿಂದಿ ಆರಿಸುವವರೇ ಮೊದಲು ಬಲಿಯಾಗುತ್ತಿದ್ದರು, ಅವರಿಂದ ಬೇರೆಯವರಿಗೆ ಹರಡುತ್ತಿತ್ತು. ಕಾರ್ಲ್ ಮಾರ್ಕ್ಸ್ ‘ಕ್ಯಾಪಿಟಲ್’ನಲ್ಲಿ ಇದನ್ನು ಎತ್ತಿ ಹೇಳಿದ್ದಾನೆ. ತೀರಾ ಕೊಳಕಾದ, ತೀರಾ ಕಡಿಮೆ ಕೂಲಿಯ ಕೆಲಸಗಳಲ್ಲಿ ಇದೂ ಒಂದು ಅನ್ನುತ್ತಾನೆ. ಹೊಸದಾಗಿ ಮಿಲ್ಲಿಗೆ ಸೇರಿದವರಿಗೆ ಧೂಳಿನಿಂದ ಬರುವ ಜ್ವರಕ್ಕೆ ವೈದ್ಯರು ‘ಶಾಡಿ ಜ್ವರ’ ಎಂದೇ ಹೆಸರಿಟ್ಟಿದ್ದರು.

ಆದರೆ ಪದಕ್ಕೆ ಕೆಟ್ಟ ಹೆಸರು ಬಂದದ್ದು ಕೂಲಿಯವರ ಕಷ್ಟದಿಂದಲ್ಲ, ಕೊಂಡವರ ಸಿಟ್ಟಿನಿಂದ. 1842ರಲ್ಲಿ ವಿಲಿಯಂ ಫೆರಾಂಡ್ ಎಂಬ ಸಂಸದ ಬ್ರಿಟಿಷ್ ಪಾರ್ಲಿಮೆಂಟಿನಲ್ಲಿ ದೆವ್ವದ ಧೂಳಿನ ಬಟ್ಟೆಯ ವಿರುದ್ಧ ಗುಡುಗಿದ. ಬಟ್ಟೆಯ ತುಂಡೊಂದನ್ನು ಸದನದಲ್ಲೇ ಕೈಯಿಂದ ಹರಿದು ತೋರಿಸಿದನಂತೆ. ಅವನ ತಕರಾರು ಇದ್ದದ್ದು ಚಿಂದಿ ಬಳಸಿದ್ದಕ್ಕಲ್ಲ, ಉಣ್ಣೆ ಅಂತ ಹೇಳಿ ಚಿಂದಿ ಮಾರಿದ್ದಕ್ಕೆ. ಉತ್ತರ ಕರ್ನಾಟಕದ ಕೌದಿಯನ್ನೇ ನೋಡಿ. ಅದೂ ಹಳೇ ಸೀರೆ, ಹಳೇ ಧೋತರದ್ದೇ. ಅದನ್ನು ಯಾರೂ ಕಳಪೆ ಅನ್ನುವುದಿಲ್ಲ. ಯಾವ ತೇಪೆ ಯಾವ ಸೀರೆಯದು ಅಂತ ಎದುರಿಗೇ ಕಾಣುತ್ತದೆ. ಶಾಡಿ ಬಟ್ಟೆಯಲ್ಲಿ ಹಳೆಯದು ಕಾಣುತ್ತಿರಲಿಲ್ಲ, ಹೇಳುವವರೂ ಇರಲಿಲ್ಲ.

ಇಷ್ಟಾದರೂ ಇಂಗ್ಲೆಂಡಿನಲ್ಲಿ ಪದ ಸರಕಿನ ಹೆಸರಾಗಿಯೇ ಉಳಿದಿತ್ತು. ಅದನ್ನು ಪೂರ್ತಿ ಕೆಡಿಸಿದ್ದು ಅಮೆರಿಕ.

1861ರಲ್ಲಿ ಅಲ್ಲಿ ಅಂತರ್ಯುದ್ಧ ಶುರುವಾಯಿತು. ಉತ್ತರದ ರಾಜ್ಯಗಳಿಗೆ ರಾತ್ರೋರಾತ್ರಿ ಸಾವಿರಾರು ಸಮವಸ್ತ್ರ ಬೇಕಾದವು. ನ್ಯೂಯಾರ್ಕ್ ರಾಜ್ಯ ಬ್ರೂಕ್ಸ್ ಬ್ರದರ್ಸ್ ಎಂಬ ಹೆಸರಾಂತ ಬಟ್ಟೆ ಕಂಪನಿಗೆ 12,000 ಸಮವಸ್ತ್ರಗಳ ಗುತ್ತಿಗೆ ಕೊಟ್ಟಿತು. ಬಂದ ಬಟ್ಟೆಯಲ್ಲಿ ಬಹಳಷ್ಟು ಶಾಡಿಯದು, ಅದೂ ತೀರಾ ಕೆಟ್ಟ ಬೆರಕೆಯದು. ಕೆಲವಕ್ಕೆ ಗುಂಡಿಗಳೇ ಇರಲಿಲ್ಲ. ಮಳೆ, ಬಿಸಿಲು, ನಡಿಗೆಗೆ ಸಿಕ್ಕಿದ ಪ್ಯಾಂಟು ಕೋಟುಗಳು ಬಿಚ್ಚಿಕೊಂಡವು. ಯುದ್ಧಕ್ಕೆ ಹೊರಟ ಹುಡುಗರನ್ನು ನೋಡಿ ಜನ ನಕ್ಕರು. ಪತ್ರಿಕೆಗಳು ಸುಮ್ಮನಿರಲಿಲ್ಲ. ಅದೊಂದೇ ಕಂಪನಿಯಲ್ಲ, ಸೈನ್ಯಕ್ಕೆ ಬಟ್ಟೆ, ಬೂಟು, ಕಂಬಳಿ ಮಾರಿದ ಎಷ್ಟೋ ಗುತ್ತಿಗೆದಾರರು ಹೀಗೇ ಮಾಡಿದ್ದರು.

ಇಲ್ಲಿಂದ ಪದ ಬಟ್ಟೆಯನ್ನು ಬಿಟ್ಟು ಮನುಷ್ಯರಿಗೆ ಅಂಟಿತು. ಯುದ್ಧದಲ್ಲಿ ದಿಢೀರ್ ದುಡ್ಡು ಮಾಡಿ, ವಜ್ರ ಹಾಕಿಕೊಂಡು, ಸಾರೋಟಿನಲ್ಲಿ ಮೆರೆಯುವ ಹೊಸ ಶ್ರೀಮಂತರಿಗೆ ‘ಶಾಡಿ ಅರಿಸ್ಟಾಕ್ರಸಿ’ ಎಂದು ಹೆಸರಾಯಿತು. ಮೇಲೆ ಹೊಳಪು, ಒಳಗೆ ಚಿಂದಿ. ಬೈಗುಳ ಎಷ್ಟು ಸರಿಯಾಗಿ ಹೊಂದಿತೆಂದರೆ ಕೆಲವೇ ವರ್ಷಗಳಲ್ಲಿ ಬಟ್ಟೆಯ ನೆನಪೇ ಬೇಕಾಗಲಿಲ್ಲ. ಶಾಡಿ ಮನೆ, ಶಾಡಿ ಬೂಟು, ಶಾಡಿ ವಾದ, ಶಾಡಿ ನಡತೆ ಎಲ್ಲವೂ ಬಂದವು. ನಾಮಪದ ಹೋಗಿ ವಿಶೇಷಣ ನಿಂತಿತು. ಅದು ಅಟ್ಲಾಂಟಿಕ್ ದಾಟಿ ಇಂಗ್ಲೆಂಡಿಗೂ ವಾಪಸ್ ಬಂತು. ಬ್ಯಾಟ್ಲಿಯ ಮಿಲ್ ಮಾಲೀಕರಿಗೆ ತಮ್ಮ ಸರಕಿನ ಹೆಸರೇ ಮುಜುಗರ ತರತೊಡಗಿತು.

ಯಾರ್ಕ್‌ಷೈರಿನ ಆ ಸೀಮೆಯಲ್ಲಿ ಮಾತ್ರ ಹಳೇ ಅರ್ಥ ಬದುಕಿತ್ತು, ಮಿಲ್ಲಿನಲ್ಲಷ್ಟೇ ಅಲ್ಲ, ಹೊಲದಲ್ಲೂ. ನೂಲಲೂ ಬಾರದ ಕೊನೆಯ ಧೂಳು, ತುಂಡುಗಳನ್ನು ರೈತರು ಗೊಬ್ಬರಕ್ಕೆ ಒಯ್ಯುತ್ತಿದ್ದರು. ಉಣ್ಣೆಯಲ್ಲಿ ಸಾರಜನಕ ಜಾಸ್ತಿ, ಅದು ಮಣ್ಣಿಗೆ ನಿಧಾನವಾಗಿ ಇಳಿಯುತ್ತದೆ. ಹತ್ತಿರದ ವೇಕ್‌ಫೀಲ್ಡ್ ಊರಿನ ಸುತ್ತ ರೂಬಾರ್ಬ್ ಎಂಬ ಹುಳಿ ದಂಟನ್ನು ಚಳಿಗಾಲದಲ್ಲಿ ಕತ್ತಲೆ ಶೆಡ್ಡುಗಳಲ್ಲಿ ಬೆಳೆಸುತ್ತಾರೆ, ಕೊಯ್ಯುವುದು ಮೋಂಬತ್ತಿ ಬೆಳಕಿನಲ್ಲಿ. ಆ ಗಿಡಗಳನ್ನು ಶೆಡ್ಡಿಗೆ ತರುವ ಮೊದಲು ಹೊಲದಲ್ಲಿ ಬಲಪಡಿಸಲು ಶಾಡಿಯೇ ಗೊಬ್ಬರ. ಉಣ್ಣೆಗೆ ಅಂಟಿಕೊಂಡು ಬಂದ ಆಸ್ಟ್ರೇಲಿಯಾ, ದಕ್ಷಿಣ ಅಮೆರಿಕದ ಬೀಜಗಳು ಇಂಗ್ಲಿಷ್ ಹೊಲಗಳಲ್ಲಿ ಮೊಳೆಯುತ್ತಿದ್ದವು. ಇವಕ್ಕೆ ಸಸ್ಯಶಾಸ್ತ್ರಜ್ಞರು ‘ಉಣ್ಣೆ ಪರದೇಶಿಗಳು’ ಎಂಬ ಅರ್ಥದ ಹೆಸರಿಟ್ಟು, ಅವನ್ನು ಹುಡುಕಿಕೊಂಡು ಶಾಡಿ ಹಾಕಿದ ಹೊಲ ಸುತ್ತುತ್ತಿದ್ದರು.

ಗಿಡಗಳಷ್ಟೇ ಅಲ್ಲ, ಜನರೂ ಬಂದರು. ಎರಡನೇ ಮಹಾಯುದ್ಧದ ನಂತರ, 1950 ಮತ್ತು 60ರ ದಶಕಗಳಲ್ಲಿ, ಬ್ಯಾಟ್ಲಿ, ಡ್ಯೂಸ್‌ಬರಿ ಮಿಲ್ಲುಗಳಿಗೆ ರಾತ್ರಿ ಪಾಳಿಗೆ ಆಳು ಸಿಗುತ್ತಿರಲಿಲ್ಲ. ಗುಜರಾತಿನಿಂದ, ಪಾಕಿಸ್ತಾನದಿಂದ ಹೋದವರು ಆ ಪಾಳಿ ತುಂಬಿದರು. ಅವರ ಮಕ್ಕಳು, ಮೊಮ್ಮಕ್ಕಳು ಈಗಲೂ ಅಲ್ಲಿದ್ದಾರೆ, ಮಿಲ್ಲುಗಳು ಬಹುತೇಕ ಇಲ್ಲ. ಸಿಂಥೆಟಿಕ್ ನೂಲು ಬಂದು ಕಸುಬು ಮುರಿದು ಬಿತ್ತು. ಬಟ್ಟೆಯಲ್ಲಿ ನೈಲಾನ್, ಪಾಲಿಯೆಸ್ಟರ್ ಬೆರೆತ ಮೇಲೆ ಉಣ್ಣೆ ಚಿಂದಿ ಆರಿಸುವುದೇ ಕಷ್ಟವಾಯಿತು.

ಕಸುಬು ಸಾಯಲಿಲ್ಲ, ಊರು ಬದಲಾಯಿಸಿತು. ಇಟಲಿಯ ಪ್ರಾಟೊ ಒಂದು ಕಡೆ, ಹರಿಯಾಣದ ಪಾಣಿಪತ್ ಇನ್ನೊಂದು ಕಡೆ. ಯುದ್ಧಗಳಿಗೆ ಹೆಸರಾದ ಪಾಣಿಪತ್ ಜಗತ್ತಿನ ಹಳೇ ಬಟ್ಟೆಯ ರಾಜಧಾನಿಯಾಯಿತು. ಯುರೋಪ್, ಅಮೆರಿಕದ ಜನ ಬಿಸಾಡಿದ ಸ್ವೆಟರ್, ಕೋಟುಗಳು ಕಾಂಡ್ಲಾ ಬಂದರಿನಲ್ಲಿ ಇಳಿದು ಅಲ್ಲಿಗೆ ಹೋಗುತ್ತವೆ. ಅಲ್ಲೂ ಹೆಂಗಸರು ನೆಲದ ಮೇಲೆ ಕೂತು ಗುಂಡಿ ಕಿತ್ತು, ಜಿಪ್ ಕತ್ತರಿಸಿ, ಬಣ್ಣ ಬೇರೆ ಮಾಡುತ್ತಾರೆ. ಅಲ್ಲೂ ಧೂಳು, ಅಲ್ಲೂ ಕೆಮ್ಮು. ಭೂಕಂಪ, ನೆರೆ ಬಂದಾಗ ಪರಿಹಾರ ಸಂಸ್ಥೆಗಳು ಹಂಚುವ ಅಗ್ಗದ ಕಂಬಳಿಗಳಲ್ಲಿ ಬಹಳಷ್ಟು ಈ ಊರಿನವು. ಪಾಣಿಪತ್ತಿನ ವ್ಯಾಪಾರಿ ‘ಶಾಡಿ ಯಾರ್ನ್’, ‘ಶಾಡಿ ಬ್ಲ್ಯಾಂಕೆಟ್’ ಅಂತ ಬಿಲ್ಲಿನಲ್ಲೇ ಬರೆಯುತ್ತಾನೆ. ಬೆಂಜಮಿನ್ ಲಾ ಕಾಲದ ಅರ್ಥವೇ ಅದು. ಈಚಿನ ವರ್ಷಗಳಲ್ಲಿ ಅಲ್ಲೂ ಗಾಳಿ ತಿರುಗಿದೆ. ಹಗುರವಾದ, ತೊಳೆಯಲು ಸುಲಭವಾದ ಪಾಲಿಯೆಸ್ಟರ್ ಕಂಬಳಿಗೆ ಗಿರಾಕಿ ಹೆಚ್ಚಾಗಿ, ಎಷ್ಟೋ ಮಿಲ್ಲುಗಳು ಅದನ್ನೇ ಮಾಡತೊಡಗಿವೆ.

ಮೋಸದ ಪ್ರಶ್ನೆಯನ್ನು ಕೊನೆಗೆ ಕಾನೂನು ಬಗೆಹರಿಸಬೇಕಾಯಿತು. ಅಮೆರಿಕ 1939ರಲ್ಲಿ ಉಣ್ಣೆ ಬಟ್ಟೆಯ ಲೇಬಲ್ಲಿಗೆ ಕಾಯ್ದೆ ತಂದಿತು. ಹೊಸ ಉಣ್ಣೆ ಎಷ್ಟು, ಹಿಂಜಿದ್ದು ಎಷ್ಟು ಅಂತ ಬಟ್ಟೆಯ ಮೇಲೇ ಹೇಳಬೇಕು. ಬಳಸಿದ ಬಟ್ಟೆಯಿಂದ ಬಂದದ್ದಾದರೆ ‘ರೀಯೂಸ್ಡ್’ ಅಂತ ಬರೆಯಬೇಕಿತ್ತು. ಕೊಳ್ಳುವವರು ಅದನ್ನು ನೋಡಿ ಮೂಗು ಮುರಿಯುತ್ತಿದ್ದರು. 1980ರಲ್ಲಿ ಆ ಪದ ತೆಗೆದು ‘ರೀಸೈಕಲ್ಡ್ ವುಲ್’ ಎಂದು ಮಾಡಿದರು. ಇವತ್ತು ಪ್ರಾಟೊದಲ್ಲಿ ನೇಯ್ದ, ಆ ಲೇಬಲ್ ಹೊತ್ತ ಕೋಟು ದೊಡ್ಡ ಊರುಗಳ ಅಂಗಡಿಗಳಲ್ಲಿ ಸಿಗುತ್ತದೆ. ಪರಿಸರಕ್ಕೆ ಒಳ್ಳೆಯದು ಅಂತ ಅದನ್ನೇ ಹುಡುಕಿ ಕೊಳ್ಳುವವರಿದ್ದಾರೆ, ಬೆಲೆಯೂ ಕಡಿಮೆಯೇನಲ್ಲ.