14ನೇ ದಿನವನ್ನೇ ನಂಬಿ ಕೂತರೆ

ಮುಂಬೈ ಪಕ್ಕದ ಡೊಂಬಿವಲಿಯಲ್ಲೋ ಮೀರಾ ರೋಡಿನಲ್ಲೋ ಇರುವ ನಮ್ಮ ಊರಿನವರ ಮನೆಗಳಲ್ಲಿ, ಮದುವೆಯಾಗಿ ಎರಡು ವರ್ಷ ಕಳೆದರೆ ಸಾಕು, ಸತ್ಯನಾರಾಯಣ ಪೂಜೆಗೆ ಹೋದಲ್ಲೂ "ವಿಶೇಷ ಏನಾದ್ರೂ ಉಂಟಾ?" ಎಂಬ ಪ್ರಶ್ನೆ ತಪ್ಪುವುದಿಲ್ಲ. ಪಾಪ, ಆ ಹುಡುಗಿ ಮೊಬೈಲಿನ ಆ್ಯಪ್ ನೋಡಿಕೊಂಡು ದಿನ ಎಣಿಸುತ್ತಿರುತ್ತಾಳೆ. ಅಂಡ ಹೊರಬೀಳುವ ದಿನವೆಂದು 14ಕ್ಕೆ ಅದು ಗುರುತು ಹಾಕಿಟ್ಟಿದೆ. ಅವಳ ಮುಟ್ಟು ಮಾತ್ರ ಒಮ್ಮೆ 33 ದಿನಕ್ಕೆ, ಇನ್ನೊಮ್ಮೆ 47 ದಿನಕ್ಕೆ. ಅಂಥವಳಿಗೆ ಆ ಗುರುತಿನಿಂದ ಏನೂ ಉಪಯೋಗವಿಲ್ಲ.

ಮುಟ್ಟಿನ ಚಕ್ರದಲ್ಲಿ ಎರಡು ಭಾಗ. ಮುಟ್ಟಾದ ದಿನದಿಂದ ಅಂಡ ಹೊರಬೀಳುವವರೆಗೆ ಒಂದು, ಅಲ್ಲಿಂದ ಮುಂದಿನ ಮುಟ್ಟಿನವರೆಗೆ ಇನ್ನೊಂದು. ಎರಡನೆಯದು ಸಾಮಾನ್ಯವಾಗಿ 12ರಿಂದ 14 ದಿನ, ಕೆಲವರಲ್ಲಿ ಒಂದೆರಡು ದಿನ ಆಚೀಚೆ. ಅಂಡ ಬಿಟ್ಟುಕೊಟ್ಟ ಜಾಗದಿಂದ ಪ್ರೊಜೆಸ್ಟರಾನ್ ಎಂಬ ಹಾರ್ಮೋನು ಬರುತ್ತದೆ. ಗರ್ಭ ನಿಲ್ಲದಿದ್ದರೆ ಸುಮಾರು ಎರಡು ವಾರಕ್ಕೆ ಅದು ಇಳಿದುಹೋಗಿ, ಗರ್ಭಕೋಶದ ಒಳಪದರ ಕಳಚುತ್ತದೆ. ಅದೇ ಮುಟ್ಟು. ಜಾಸ್ತಿ ಹೆಚ್ಚುಕಡಿಮೆಯಾಗುವುದು ಮೊದಲ ಭಾಗ. 47 ದಿನದ ಚಕ್ರದಲ್ಲಿ ಅಂಡ ಬಂದಿದ್ದರೆ ಅದು 33ನೇ ದಿನದ ಆಸುಪಾಸಿನಲ್ಲಿ. 14ರಂದು ಏನೂ ಇರಲಿಲ್ಲ.

ಜಪಾನಿನ ಡಾಕ್ಟರ್ ಕ್ಯುಸಾಕು ಒಗಿನೊ ಹೊಟ್ಟೆಯ ಆಪರೇಷನ್ ಮಾಡುವಾಗ ಅಂಡಾಶಯಗಳನ್ನು ಕಣ್ಣಾರೆ ನೋಡಿ ಇದನ್ನು ಲೆಕ್ಕ ಹಾಕಿದರು. ಮುಂದಿನ ಮುಟ್ಟಿಗೆ 12ರಿಂದ 16 ದಿನ ಮೊದಲು ಅಂಡ ಬರುತ್ತದೆ ಎಂದು ಅವರು ಹೇಳಿದ್ದು 1924ರಲ್ಲಿ. ಹಿಂದಿನಿಂದ ಎಣಿಸಬೇಕು, ಸರಿ. ಆದರೆ ಮುಂದಿನ ಮುಟ್ಟು ಯಾವಾಗ ಅಂತ ಮೊದಲೇ ಗೊತ್ತಿದ್ದರೆ ತಾನೇ? ಹೊತ್ತಿಗೆ ಸರಿಯಾಗಿ ಆಗುವವರಿಗೆ ಗೊತ್ತಿರುತ್ತದೆ. ಉಳಿದವರಿಗೆ ಬೇರೆ ದಾರಿ ಬೇಕು.

ಒಂದು ದಾರಿ ಫಾಲಿಕ್ಯುಲರ್ ಸ್ಟಡಿ. ಮುಂಬೈಯಲ್ಲಿ ಸೋನೋಗ್ರಫಿ ಅಂದರೆ ಎಲ್ಲರಿಗೂ ಗೊತ್ತು. ಇದು ಅದನ್ನೇ ಒಂದು ದಿನ ಬಿಟ್ಟು ಒಂದು ದಿನ ಮಾಡುವುದು. ಬೆಳಿಗ್ಗೆ ಆಫೀಸಿನ ಲೋಕಲ್ ಹಿಡಿಯುವ ಮೊದಲು ಮುಗಿಸಿಕೊಳ್ಳಲು ಬಂದವರು ಹೊರಗೆ ಕಾಯುತ್ತಿರುತ್ತಾರೆ. ಒಳಗೆ ಯೋನಿಯ ಮೂಲಕ ಸಣ್ಣ ಪ್ರೋಬ್ ಇಟ್ಟು ನೋಡುತ್ತಾರೆ. ಕೈಗೆ ಬರುವ ಚೀಟಿಯಲ್ಲಿ ನಾಲ್ಕು ಕಾಲಂ: ದಿನ, ಬಲ ಅಂಡಾಶಯ, ಎಡ ಅಂಡಾಶಯ, ಒಳಪದರದ ದಪ್ಪ. ಅಂಡವಿರುವ ನೀರಿನ ಸಣ್ಣ ಚೀಲ, ಅಂದರೆ ಫಾಲಿಕಲ್, ದಿನಕ್ಕೆ ಸುಮಾರು 2 ಮಿಲಿಮೀಟರ್ ಬೆಳೆಯುತ್ತದೆ. ಒಂದು ಸಾಲಿನಲ್ಲಿ 12, ಕೆಳಗೆ 16, ಅದರ ಕೆಳಗೆ 20. ಆಮೇಲೊಂದು ದಿನ ಆ ಫಾಲಿಕಲ್ ಕಾಣುವುದಿಲ್ಲ, ಹಿಂದೆ ಸ್ವಲ್ಪ ನೀರು ಕಾಣುತ್ತದೆ. ರಿಪೋರ್ಟಿನಲ್ಲಿ "ರಪ್ಚರ್ಡ್" ಅಂತ ಬರೆಯುತ್ತಾರೆ. ಹೆಸರು ಕೇಳಿದರೆ ಭಯ, ಆದರೆ ಇದು ಒಳ್ಳೆಯ ಸುದ್ದಿ. ಅಂಡ ಹೊರಬಂದಿದೆ.

ಪಿಸಿಓಎಸ್, ಅಂದರೆ ಹಾರ್ಮೋನು ಏರುಪೇರಾಗಿ ಅಂಡ ಸರಿಯಾಗಿ ಬರದ ತೊಂದರೆ ಇದ್ದವರ ಚೀಟಿ ಬೇರೆಯೇ ಇರುತ್ತದೆ. 5, 6, 7 ಮಿಲಿಮೀಟರಿನ ಫಾಲಿಕಲ್‌ಗಳು ತುಂಬ, ಮುಂದೆ ಬರುವುದು ಒಂದೂ ಇಲ್ಲ. ಇವನ್ನೇ ಜನ "ಗಡ್ಡೆ", "ಸಿಸ್ಟ್" ಅಂತ ಹೆದರಿಸುತ್ತಾರೆ. ಗಡ್ಡೆಯೂ ಅಲ್ಲ, ಆಪರೇಷನ್ ಮಾಡಿ ತೆಗೆಯುವಂಥದ್ದೂ ಅಲ್ಲ. ಬೆಳೆಯಲು ಶುರುಮಾಡಿ ಅರ್ಧದಲ್ಲೇ ನಿಂತ ಫಾಲಿಕಲ್‌ಗಳು ಅಷ್ಟೇ. ಹಲವರಲ್ಲಿ ಇನ್ಸುಲಿನ್ ಜಾಸ್ತಿಯಾಗಿ ಅಂಡಾಶಯ ಗಂಡು ಹಾರ್ಮೋನನ್ನು ಹೆಚ್ಚು ಮಾಡುತ್ತದೆ, ಅದು ಬೆಳವಣಿಗೆಯನ್ನು ತಡೆಯುತ್ತದೆ. ತೂಕ ಹೆಚ್ಚಿರುವವರು 100ರಲ್ಲಿ 5ರಿಂದ 10 ಪಾಲು ಇಳಿಸಿದರೂ ಎಷ್ಟೋ ಜನರಿಗೆ ಅಂಡ ಬರಲು ಶುರುವಾಗುತ್ತದೆ. ತೆಳ್ಳಗಿರುವವರಿಗೂ ಪಿಸಿಓಎಸ್ ಬರುತ್ತದೆ. ಅವರಿಗೆ "ತೂಕ ಇಳಿಸು" ಅನ್ನುವುದು ಸುಮ್ನೆ ಹಿಂಸೆ. ತಿನ್ನುವುದು ತೀರಾ ಕಡಿಮೆಯಾದರೆ ಮುಟ್ಟೇ ನಿಲ್ಲಬಹುದು.

ಥೈರಾಯ್ಡ್ ಅಥವಾ ಎದೆಹಾಲು ಬರಿಸುವ ಹಾರ್ಮೋನು ಪ್ರೊಲ್ಯಾಕ್ಟಿನ್ ಏರುಪೇರಾದರೂ ಅಂಡ ತಡವಾಗುತ್ತದೆ. ಎರಡಕ್ಕೂ ಒಂದೇ ಸಲದ ರಕ್ತ ಪರೀಕ್ಷೆ ಸಾಕು, ಮೊದಲೇ ಮಾಡಿಸಿಬಿಡಿ.

ಅಂಡ ಬಂತೇ ಎಂದು ನೋಡಲು "21ನೇ ದಿನದ ಪ್ರೊಜೆಸ್ಟರಾನ್" ಎಂಬ ರಕ್ತ ಪರೀಕ್ಷೆಯೂ ಇದೆ. ಅದು 28 ದಿನದ ಚಕ್ರದವರಿಗೆ ಹೇಳಿದ್ದು. ನೋಡಬೇಕಾದದ್ದು ಮುಂದಿನ ಮುಟ್ಟಿಗೆ ಒಂದು ವಾರ ಮೊದಲು. 40 ದಿನದ ಚಕ್ರದವಳು 21ಕ್ಕೆ ರಕ್ತ ಕೊಟ್ಟರೆ ರಿಪೋರ್ಟ್ ಕಡಿಮೆಯೇ ಬರುತ್ತದೆ. ಅದರಿಂದ ಅಂಡ ಬರಲಿಲ್ಲ ಎಂದು ಹೇಳಲಾಗದು. ಅಂಡ ಹೊರಬೀಳುವ ಮುಂಚೆ ಏರುವ ಎಲ್‌ಎಚ್ ಎಂಬ ಹಾರ್ಮೋನನ್ನು ಮೂತ್ರದಲ್ಲಿ ನೋಡುವ ಪಟ್ಟಿಯೂ ಪಿಸಿಓಎಸ್‌ನಲ್ಲಿ ಮೋಸ ಮಾಡಬಹುದು. ಅಲ್ಲಿ ಎಲ್‌ಎಚ್ ಯಾವಾಗಲೂ ಏರಿಯೇ ಇರುವುದುಂಟು.

ರಕ್ತ ಹೋಯಿತು ಅಂದರೆ ಅಂಡ ಬಂದಿತ್ತು ಅಂತಲೂ ಅಲ್ಲ. ಗಣಪತಿ ಹಬ್ಬಕ್ಕೆ ಮುಟ್ಟು ಮುಂದೂಡಲು ಮಾತ್ರೆ ನುಂಗುವವರು ನಮ್ಮಲ್ಲಿ ಎಷ್ಟು ಜನ ಇಲ್ಲ! ಮಾತ್ರೆ ಬಿಟ್ಟ ಕೆಲವು ದಿನಕ್ಕೆ ಆಗುವುದು ಔಷಧ ನಿಂತದ್ದಕ್ಕೆ ಪದರ ಕಳಚಿದ್ದು. ಮುಟ್ಟು "ತರಿಸುವ" ಮಾತ್ರೆಯದೂ ಇದೇ ಕಥೆ. ಅದನ್ನು ನುಂಗುವ ಮೊದಲು ಗರ್ಭದ ಪರೀಕ್ಷೆ ಮಾಡಲೇಬೇಕು. ಪಟ್ಟಿಯಲ್ಲಿ ಒಂದೇ ಗೆರೆ ಬಂದರೂ ಒಂದು ವಾರ ಬಿಟ್ಟು ಮತ್ತೆ ನೋಡಿ. ಅಂಡ ತಡವಾಗಿ ಬಂದಿದ್ದರೆ, ಆ ಪಟ್ಟಿ ಹುಡುಕುವ ಗರ್ಭದ ಹಾರ್ಮೋನು ಎಚ್‌ಸಿಜಿ ಏರುವುದೂ ತಡ. ಹಾಗೆ ನಿಂತ ಗರ್ಭದ ವಾರಗಳ ಲೆಕ್ಕವನ್ನೂ ಕೊನೆಯ ಮುಟ್ಟಿನಿಂದ ಹಾಕಿದರೆ ತಪ್ಪಾಗುತ್ತದೆ, ಮೊದಲ ಸೋನೋಗ್ರಫಿಯಿಂದಲೇ ಹಾಕಬೇಕು.

ದಿನ ಎಣಿಸಿ ಸುಸ್ತಾದವರಿಗೆ ಒಂದು ಸುಲಭ ಲೆಕ್ಕ. ಅಂಡಕ್ಕೆ ಆಯಸ್ಸು ಒಂದು ದಿನ, ವೀರ್ಯಾಣುವಿಗೆ ಒಳಗೆ 5 ದಿನದವರೆಗೂ. ಎರಡು ಮೂರು ದಿನಕ್ಕೊಮ್ಮೆ ಕೂಡಿದರೆ ಸಾಕು, ಆ್ಯಪ್ ಬೇಡ.

ಇನ್ನು ಔಷಧ. ಅಂಡ ಬರಿಸಲು ಈಗ ಮೊದಲು ಕೊಡುವುದು ಲೆಟ್ರೋಜೋಲ್. ಮೂಲತಃ ಸ್ತನ ಕ್ಯಾನ್ಸರಿನ ಮಾತ್ರೆ. ಈ ಬಳಕೆಯನ್ನು 2011ರಲ್ಲಿ ಭಾರತ ಸರ್ಕಾರ ನಿಷೇಧಿಸಿತ್ತು. 2014ರಲ್ಲಿ ಅಮೆರಿಕದಲ್ಲಿ ಪಿಸಿಓಎಸ್ ಇರುವ 750 ಹೆಂಗಸರ ಮೇಲೆ ನಡೆದ ಅಧ್ಯಯನದ ಫಲಿತಾಂಶ ಬಂತು. ಅಂಡ ಬರಿಸುವ ಹಳೆಯ ಮಾತ್ರೆ ಕ್ಲೋಮಿಫೀನ್ ತೆಗೆದುಕೊಂಡವರಲ್ಲಿ 100ಕ್ಕೆ 19 ಮಂದಿಗೆ ಮಗು ಹುಟ್ಟಿತು, ಲೆಟ್ರೋಜೋಲ್‌ನಲ್ಲಿ 27 ಮಂದಿಗೆ. 2017ರಲ್ಲಿ ಇಲ್ಲಿ ನಿಷೇಧ ತೆಗೆದರು. ಹಾಗಂತ ಪಕ್ಕದ ಮನೆಯವಳ ಚೀಟಿ ತೋರಿಸಿ ಮೆಡಿಕಲ್‌ನಲ್ಲಿ ತಂದುಕೊಳ್ಳುವುದು ಬೇಡ. ಡೋಸ್ ಎಷ್ಟು, ಯಾವ ದಿನದಿಂದ ಎಂಬುದು ಒಬ್ಬೊಬ್ಬರಿಗೆ ಒಂದೊಂದು.

ಒಂದು ವರ್ಷ ಕಾದು ನೋಡಿ ಅನ್ನುವ ಮಾತು ಮುಟ್ಟು ಸರಿಯಾಗಿ ಆಗುವವರಿಗೆ. ಚಕ್ರ 35 ದಿನ ದಾಟುತ್ತಲೇ ಇದ್ದರೆ, ಮೂರು ತಿಂಗಳು ಆಗದೇ ಇದ್ದರೆ, ವಯಸ್ಸು 35 ಆಗಿದ್ದರೆ ಕಾಯಬೇಡಿ. ಮೊದಲ ಸಲ ಹೋಗುವಾಗ ಗಂಡನೂ ಜೊತೆಗೆ ಹೋಗಲಿ. ವೀರ್ಯದ ಪರೀಕ್ಷೆಗೆ ಸೂಜಿ ಇಲ್ಲ, ಪ್ರೋಬ್ ಇಲ್ಲ, ಖರ್ಚೂ ಕಡಿಮೆ. ಹೆಂಡತಿಗೆ ನಾಲ್ಕು ಸಲ ಸೋನೋಗ್ರಫಿ ಆದ ಮೇಲೆ ಅದನ್ನು ಬರೆದುಕೊಡುವುದು ಯಾವ ನ್ಯಾಯವೋ ನನಗಂತೂ ಗೊತ್ತಿಲ್ಲ. ಮೊದಲ ವಾರವೇ ಮಾಡಿಸಿ.