ರಾಕ್‌ನಲ್ಲಿರೋ ನೆಟ್‌ವರ್ಕ್ ಸ್ವಿಚ್ ಮುಟ್ಟಿದ್ರೆ ಜುಮ್ ಅನ್ನತ್ತೆ, ಪೀಸ್ ಡಿಫೆಕ್ಟಾ?

ಪ್ರಶ್ನೆ: ಸರ್, ನಮ್ಮ ಆಫೀಸಲ್ಲಿ ಗೋಡೆಗೆ 9ಯು ರಾಕ್ (ನೆಟ್‌ವರ್ಕ್ ಸಾಮಾನು ಕೂರಿಸೋ ಲೋಹದ ಪೆಟ್ಟಿಗೆ) ಹಾಕ್ಸಿ ಹೊಸ 24 ಪೋರ್ಟ್ ಪಿಓಇ ನೆಟ್‌ವರ್ಕ್ ಸ್ವಿಚ್ (ನೆಟ್‌ವರ್ಕ್ ಕೇಬಲ್‌ನಲ್ಲೇ ಕ್ಯಾಮೆರಾ ಥರದ್ದಕ್ಕೆ ಕರೆಂಟೂ ಕೊಡೋದು) ಕೂರಿಸಿದ್ವಿ. ಸ್ಕ್ರೂ ಟೈಟ್ ಮಾಡೋವಾಗ ಕೈಗೆ ಜುಮ್ ಅಂತು, ಸ್ವಿಚ್‌ನ ಲೋಹದ ಬಾಡಿ ಮೇಲೆ ಟೆಸ್ಟರ್ ಇಟ್ರೆ ಲೈಟ್ ಬರತ್ತೆ. ವಾರಂಟೀಲಿ ಬದಲಾಯಿಸ್ಕೊಳ್ಳೋದಾ?

ಉತ್ತರ: ಸದ್ಯಕ್ಕೆ ಬೇಡ. ಮೊದಲು ಅನುಮಾನ ಪಡ್ಬೇಕಾಗಿರೋದು ಸ್ವಿಚ್ ಮೇಲಲ್ಲ, ಅದಕ್ಕೆ ಕರೆಂಟ್ ಕೊಡ್ತಿರೋ ಸಾಕೆಟ್‌ನ ಮೇಲ್ಗಡೆ ದಪ್ಪ ತೂತಿನ ಮೇಲೆ. ಅಲ್ಲಿಗೆ ಅರ್ಥ್ ವೈರ್ ಬಂದಿದ್ಯಾ, ಬಂದಿದ್ರೂ ಆ ಕಡೆ ತುದಿ ನಿಜವಾಗ್ಲೂ ಭೂಮಿಗೆ ಸೇರಿದ್ಯಾ, ಅದನ್ನ ನೋಡೋವರೆಗೂ ಹೊಸ ಪೀಸ್ ತಂದ್ರೂ ಅದೂ ಜುಮ್ ಅನ್ಬಹುದು.

ಯಾಕೆ ಅಂದ್ರೆ, ಸ್ವಿಚ್ ಒಳಗಿನ ಪವರ್ ಸಪ್ಲೈನಲ್ಲಿ ಎಲೆಕ್ಟ್ರಿಕಲ್ ನಾಯ್ಸ್ ತಡೆಯೋಕೆ ಎರಡು ಪುಟ್ಟ ಕೆಪಾಸಿಟರ್ ಇರತ್ತೆ, ಒಂದು ಫೇಸ್‌ನಿಂದ ಬಾಡಿಗೆ, ಇನ್ನೊಂದು ನ್ಯೂಟ್ರಲ್‌ನಿಂದ ಬಾಡಿಗೆ. ಅದರ ಮೂಲಕ ಯಾವಾಗ್ಲೂ ಚೂರುಪಾರು ಕರೆಂಟ್ ಸೋರ್ತಾನೇ ಇರತ್ತೆ, ಅದು ಡಿಸೈನ್‌ನಲ್ಲೇ ಇರೋದು, ಅರ್ಥ್ ವೈರ್ ಇದ್ರೆ ಸುಮ್ನೆ ಭೂಮಿಗೆ ಹೋಗತ್ತೆ. ಅರ್ಥ್ ಇಲ್ದಿದ್ರೆ ಬಾಡಿ ಮಧ್ಯದಲ್ಲಿ ತೇಲ್ತಾ 230 ವೋಲ್ಟ್‌ನ ಅರ್ಧ, ಅಂದ್ರೆ ಸುಮಾರು 115 ವೋಲ್ಟ್‌ಗೆ ಬಂದು ನಿಲ್ಲತ್ತೆ, ಆಗ ನೀವು ಮುಟ್ಟಿದ್ರೆ ಭೂಮಿಗೆ ಹೋಗೋ ದಾರಿ ನೀವೇ! ಒಂದು ಸ್ವಿಚ್‌ನಿಂದ ಬರೋದು ಸಾಮಾನ್ಯವಾಗಿ ಒಂದು ಮಿಲಿಆಂಪ್ ಒಳಗೇ, ಕೈಗೆ ಗೊತ್ತಾಗೋದು ಅರ್ಧ ಮಿಲಿಆಂಪ್ ಆಸುಪಾಸಿಂದ. ಆದ್ರೆ ಒಂದೇ ರಾಕ್‌ಗೆ ಸ್ವಿಚ್, ರೂಟರ್, ಎನ್‌ವಿಆರ್ (ಕ್ಯಾಮೆರಾ ರೆಕಾರ್ಡರ್), ಯುಪಿಎಸ್ ಎಲ್ಲಾ ಬೋಲ್ಟ್ ಮಾಡಿದ್ರೆ ಎಲ್ಲದರ ಸೋರಿಕೆನೂ ಕೂಡ್ಕೊಳ್ಳಬಹುದು.

ಬರೀ ಈ ಸೋರಿಕೆಯ ಜುಮ್‌ನಿಂದ ಸಾಮಾನ್ಯವಾಗಿ ಜೀವಕ್ಕೆ ಅಪಾಯ ಇಲ್ಲ ಸರ್, ದೊಡ್ಡ ಭಯ ಅದಲ್ಲ. ನಾಳೆ ಯಾವ್ದೋ ಒಂದು ಪವರ್ ಸಪ್ಲೈ ಒಳಗೆ ಫೇಸ್ ವೈರ್ ಬಾಡಿಗೆ ತಾಗಿದ್ರೆ, ಅರ್ಥ್ ಸರಿ ಇದ್ದ ಕಡೆ ಎಂಸಿಬಿನೋ (ಕರೆಂಟ್ ಜಾಸ್ತಿ ಆದ್ರೆ ಲೈನ್ ಆಫ್ ಮಾಡೋ ಬ್ರೇಕರ್) ಆರ್‌ಸಿಸಿಬಿನೋ (ಕರೆಂಟ್ ಸೋರಿದ್ರೆ ಆಫ್ ಮಾಡೋದು) ಬೀಳತ್ತೆ, ನಿಮ್ಮಲ್ಲಿ ಏನೂ ಬೀಳಲ್ಲ, ಇಡೀ ರಾಕ್ 230 ವೋಲ್ಟ್‌ನಲ್ಲಿ ಸುಮ್ನೆ ಕೂತಿರತ್ತೆ, ಯಾರಾದ್ರೂ ಮುಟ್ಟೋವರೆಗೂ. ಟೆಸ್ಟರ್ ಬರೀ ಸೋರಿಕೆಗೂ, ಫೇಸ್ ತಾಗಿದ್ದಕ್ಕೂ ಒಂದೇ ಥರ ಉರಿಯತ್ತೆ, ಅದನ್ನ ನೋಡಿ ಏನೂ ಹೇಳಕ್ಕಾಗಲ್ಲ.

ಎಲೆಕ್ಟ್ರಿಷಿಯನ್ ಕರೆಸಿ, ಗೋಡೆ ಸಾಕೆಟ್‌ನಲ್ಲೇ ಮಲ್ಟಿಮೀಟರ್‌ನಲ್ಲಿ ಅಳೆಸಿ, ಯುಪಿಎಸ್ ಔಟ್‌ಪುಟ್‌ನಲ್ಲಿ ಬೇಡ, ಅಲ್ಲಿ ರೀಡಿಂಗ್ ಕನ್‌ಫ್ಯೂಸ್ ಮಾಡತ್ತೆ. ಫೇಸ್-ನ್ಯೂಟ್ರಲ್ 230 ಹತ್ರ ಬರ್ಬೇಕು, ಫೇಸ್-ಅರ್ಥ್ ಕೂಡ ಹೆಚ್ಚುಕಮ್ಮಿ ಅಷ್ಟೇ, ನ್ಯೂಟ್ರಲ್-ಅರ್ಥ್ ಒಂದೆರಡು ವೋಲ್ಟ್. ಫೇಸ್-ಅರ್ಥ್ 60, 110, 130 ಅಂತ ಅಲೆದಾಡ್ತಿದ್ರೆ ಅರ್ಥ್ ಎಲ್ಲೋ ಕಟ್ ಆಗಿದೆ. ಆದ್ರೆ ಅರ್ಥ್ ವೈರ್‌ನ ಒಂದೇ ಒಂದು ಎಳೆ ತಾಗಿದ್ರೂ ಮೀಟರ್ 230 ತೋರ್ಸತ್ತೆ, ಅದಕ್ಕೇ ಲೂಪ್ ಟೆಸ್ಟರ್ (ಅರ್ಥ್ ದಾರಿ ಎಷ್ಟು ಗಟ್ಟಿ ಅಂತ ಅಳೆಯೋ ಮೀಟರ್) ಇರೋರು ಸಿಕ್ಕಿದ್ರೆ ಇನ್ನೂ ಒಳ್ಳೇದು. ಕೆಲವರು ಫೇಸ್‌ಗೂ ಅರ್ಥ್‌ಗೂ 100 ವ್ಯಾಟ್ ಬಲ್ಬ್ ಹಾಕಿ ನೋಡ್ತಾರೆ. ಅರ್ಥ್ ಕಟ್ ಆಗಿದ್ರೆ ಆ ಬಲ್ಬ್ ಮೂಲಕನೇ ಆ ಲೈನ್‌ನ ಎಲ್ಲಾ ಬಾಡಿಗೂ ಕರೆಂಟ್ ಹೋಗತ್ತೆ, ಹಾಗಾಗಿ ಅದನ್ನ ಮಾಡೋಕೆ ಬಿಡ್ಬೇಡಿ.

ನ್ಯೂಟ್ರಲ್-ಅರ್ಥ್ ಲೋಡ್ ಇದ್ದಾಗ್ಲೂ ಕರೆಕ್ಟಾಗಿ ಸೊನ್ನೆ ಬಂದ್ರೆ ಖುಷಿ ಪಡ್ಬೇಡಿ, ಸಾಕೆಟ್ ಬಿಚ್ಚಿಸಿ. ಒಳಗೆ ನ್ಯೂಟ್ರಲ್‌ನಿಂದ ಅರ್ಥ್ ಪಿನ್‌ಗೆ ಒಂದು ಗಿಡ್ಡ ವೈರ್ ಜಂಪರ್ ಸಿಗಬಹುದು. "ಅರ್ಥಿಂಗ್ ಕೊಟ್ಟಿದೀನಿ ಸಾರ್" ಅಂದ್ರೆ ಕೆಲವು ಕಡೆ ಅರ್ಥ ಇಷ್ಟೇ. ಜುಮ್ ಅನ್ನೋದು ತಕ್ಷಣ ನಿಲ್ಲತ್ತೆ, ಆದ್ರೆ ಮುಂದೆ ಯಾವತ್ತಾದ್ರೂ ಆ ಸಾಕೆಟ್‌ಗೆ ಬರೋ ಲೈನ್‌ನಲ್ಲಿ ನ್ಯೂಟ್ರಲ್ ಕಟ್ ಆದ್ರೆ ಲೋಡ್ ಮೂಲಕ ಬಂದ ಫೇಸ್ ಪೂರ್ತಿ ನಿಮ್ಮ ರಾಕ್ ಬಾಡಿ ಮೇಲೆ. ಅರ್ಥ್ ಇಲ್ದೇ ಇರೋದಕ್ಕಿಂತ ಇದು ಕೆಟ್ಟದ್ದು, ನನ್ನ ಪ್ರಕಾರ. ಮೂರು ಪಿನ್ನನ್ನ ಎರಡು ಮಾಡೋ ಕನ್ವರ್ಟರ್, ಮುರಿದ ಅರ್ಥ್ ಪಿನ್, ಇವಿದ್ರೆ ಅರ್ಥ್ ಇಲ್ದಂಗೇ.

ಅರ್ಥ್ ಸಿಕ್ತು ಅಂದ್ಕೊಳ್ಳಿ, ಇನ್ನೂ ಒಂದು ಕೆಲಸ ಇದೆ. ರಾಕ್‌ಗೆ ಬಳಿದಿರೋ ಪೌಡರ್ ಕೋಟಿಂಗ್‌ನಲ್ಲಿ ಕರೆಂಟ್ ಹರಿಯಲ್ಲ, ಸ್ಕ್ರೂ ಟೈಟಾಗಿದೆ ಅಂದ ಮಾತ್ರಕ್ಕೆ ಬಾಡಿ ಬಾಡಿ ಕೂಡಿದೆ ಅಂತಲ್ಲ. ರಾಕ್‌ನ ಅರ್ಥ್ ಬೋಲ್ಟ್ ಹತ್ರ ಪೇಂಟ್ ಕೆರೆದು, ಸ್ಟಾರ್ ವಾಷರ್ ಹಾಕಿ, ಹಸಿರು-ಹಳದಿ ವೈರ್‌ಗೆ ಲಗ್ (ತುದಿಗೆ ಹಾಕೋ ಲೋಹದ ಬಳೆ) ಕ್ರಿಂಪ್ ಮಾಡಿ ಅರ್ಥ್‌ವರೆಗೂ ಎಳೀಬೇಕು, ಸ್ವಿಚ್ ಹಿಂದೆ ಅರ್ಥ್ ಸ್ಕ್ರೂ ಕೊಟ್ಟಿದ್ರೆ ಅದಕ್ಕೂ. ಹಾಕೋವಾಗ ಅರ್ಥ್ ಮೊದಲು ಪವರ್ ಆಮೇಲೆ, ಬಿಚ್ಚೋವಾಗ ಅರ್ಥ್ ಕೊನೇಲಿ. ಬಯಲುಸೀಮೆ ಕಡೆಯವರಾದ್ರೆ ಬೇಸಿಗೇಲಿ ಅರ್ಥ್ ಪಿಟ್‌ಗೆ (ಅರ್ಥ್ ವೈರ್ ಮಣ್ಣಿಗೆ ಸೇರೋ ಗುಂಡಿ) ನೀರು ಹಾಕ್ತಿರಿ, ಮಣ್ಣು ಒಣಗಿದ್ರೆ ರೆಸಿಸ್ಟೆನ್ಸ್ ಏರತ್ತೆ.

ನೀವು ಕೇಳಿಲ್ಲ, ಆದ್ರೂ ಪಿಓಇ ಅಂದಿದ್ದಕ್ಕೆ ಹೇಳ್ತೀನಿ: 24 ಪೋರ್ಟಿಗೂ ತಲಾ 15.4 ವ್ಯಾಟ್ ಅಂದ್ರೆ 370 ಹತ್ರ ಆಯ್ತು, ಸ್ವಿಚ್ ತನಗೆ ತಿನ್ನೋದು ಬೇರೆ. 600 ವಿಎ ಯುಪಿಎಸ್‌ಗಳು ಸಾಮಾನ್ಯವಾಗಿ ಕೊಡೋದು 360 ವ್ಯಾಟ್, ಎಲ್ಲಾ ಕ್ಯಾಮೆರಾ ಒಟ್ಟಿಗೆ ಲೋಡ್ ತಗೊಂಡ್ರೆ ಅದು ಕೂಗಿ ಆಫ್ ಆಗತ್ತೆ. ಯುಪಿಎಸ್ ಗೋಡೆ ರಾಕ್‌ಗೆ ಹಾಕ್ದೇ ನೆಲದ ಮೇಲಿಡಿ, ಅದರ ಬ್ಯಾಟರಿ ತೂಕಕ್ಕೆ ಗೋಡೆ ಆಂಕರ್ ಸಡಿಲ ಆಗತ್ತೆ. ಸ್ವಿಚ್‌ನ ಗಾಳಿ ತೂತು ಸೈಡಲ್ಲಿದ್ರೆ ಅಲ್ಲಿ ಕೇಬಲ್ ಗಂಟು ತುರುಕ್ಬೇಡಿ.

ಇಷ್ಟೆಲ್ಲಾ ಸರಿ ಆಗಿ, ಅರ್ಥ್ ಸರಿಯಾಗಿ ಸೇರಿದ್ಮೇಲೂ ಜುಮ್ ಅಂದ್ರೆ, ಇಲ್ಲ ಆರ್‌ಸಿಸಿಬಿ ಪದೇಪದೇ ಬಿದ್ರೆ, ಒಂದೊಂದೇ ಬಾಕ್ಸ್‌ನ ಪ್ಲಗ್ ತೆಗೆದು ನೋಡಿ. ಸ್ವಿಚ್ ಪ್ಲಗ್ ತೆಗೆದಾಗ ನಿಂತ್ರೆ, ಆಗ ಡಬ್ಬ ಹುಡ್ಕಿ, ಬಿಲ್ ತಗೊಂಡು ಅಂಗಡಿಗೆ ಹೋಗಿ.