ಹಳೇ ಗೀಸರ್ ತೆಗೆದು ಹೀಟ್ ಪಂಪ್ ಹಾಕಿಸಬೇಕಾ? ಮೊದಲು ಬಕೆಟ್ ಲೆಕ್ಕ ಹಾಕಿ

ಮೊನ್ನೆ ವಿಜಯನಗರದ ಒಂದು ಮನೆಯಲ್ಲಿ ಹನ್ನೊಂದು ವರ್ಷ ಹಳೇ ಗೀಸರ್ ಬಿಚ್ಚಿದೆ. 25 ಲೀಟರಿನದು. ಕೆಳಗಿನ ಪ್ಲೇಟಿನ ಬೋಲ್ಟ್ ಸಡಿಲಿಸಿ ಕಾಯಿಲ್ ಹೊರಗೆಳೆದರೆ ಕಾಯಿಲೇ ಕಾಣುತ್ತಿರಲಿಲ್ಲ, ಸುತ್ತಲೂ ಬೆರಳು ದಪ್ಪ ಸುಣ್ಣ ಕಟ್ಟಿತ್ತು. ತಳದಿಂದ ಎರಡು ಹಿಡಿ ಬಿಳಿ ಪುಡಿ ಬಂತು. ಟ್ಯಾಂಕಿಗೆ ತುಕ್ಕು ಹಿಡಿಯದಿರಲಿ ಅಂತ ಒಳಗಿರುವ ಆನೋಡ್ ರಾಡ್ ಪೂರ್ತಿ ಕರಗಿ ನಡುವಿನ ತಂತಿ ಮಾತ್ರ ಉಳಿದಿತ್ತು. ಬೋರ್‌ವೆಲ್ ನೀರಿನ ಮನೆಗಳಲ್ಲಿ ಇದು ಮಾಮೂಲಿ.

ಮನೆಯವರು ಹೀಟ್ ಪಂಪಿಗೆ, ಅಂದರೆ ಗಾಳಿಯ ಬಿಸಿ ಎಳೆದು ನೀರು ಕಾಯಿಸುವ ಮೆಷಿನ್‌ಗೆ, 1 ಲಕ್ಷ 10 ಸಾವಿರದ ಕೊಟೇಶನ್ ಕೈಯಲ್ಲಿ ಹಿಡಿದಿದ್ದರು. "ಇದು ತುಂಬಾ ಕರೆಂಟ್ ತಿನ್ನುತ್ತೆ, ಹೀಟ್ ಪಂಪ್ ಹಾಕಿಬಿಡೋಣ ಅಲ್ವಾ?" ಅಂದರು. ಮನೆಯಲ್ಲಿರುವುದು ಮೂರು ಜನ, ಮೂವರದ್ದೂ ಬಕೆಟ್ ಸ್ನಾನ. ಬೇಡ ಅಂದೆ.

ಯಾಕೆ ಅಂತ ಹೇಳುತ್ತೇನೆ. 20 ಲೀಟರ್ ನೀರನ್ನು 22 ಡಿಗ್ರಿಯಿಂದ 40 ಡಿಗ್ರಿಗೆ ತರಲು ಬೇಕಾಗುವುದು ಸುಮಾರು 0.42 ಯೂನಿಟ್. ಟ್ಯಾಂಕಿನಿಂದ ಸೋರಿ ಹೋಗುವ ಬಿಸಿ ಸೇರಿಸಿ, ಬಕೆಟ್ಟಿಗೆ ಅರ್ಧ ಯೂನಿಟ್ ಅಂತಲೇ ಹಿಡಿಯಿರಿ. ಮೂರು ಬಕೆಟ್ಟಿಗೆ ದಿನಕ್ಕೆ ಒಂದೂವರೆ ಯೂನಿಟ್, ತಿಂಗಳಿಗೆ 45. ತೆರಿಗೆ, ಅದು ಇದು ಸೇರಿ ಯೂನಿಟ್ಟಿಗೆ 7 ರೂಪಾಯಿ ಹಾಕಿದರೂ 315 ರೂಪಾಯಿ. ಹೀಟ್ ಪಂಪ್ ಅದೇ ಕೆಲಸವನ್ನು ಮೂರನೇ ಒಂದು ಭಾಗ ಕರೆಂಟಿನಲ್ಲಿ ಮಾಡುತ್ತದೆ ಅಂದರೂ ಉಳಿಯುವುದು ತಿಂಗಳಿಗೆ 210 ರೂಪಾಯಿ. ಹಾಕಿದ ದುಡ್ಡು ವಾಪಸ್ ಬರಲು ನಲವತ್ತು ವರ್ಷ ದಾಟುತ್ತದೆ. ಚೆನ್ನಾಗಿ ನೋಡಿಕೊಂಡರೂ ಆ ಮೆಷಿನ್ ಬಾಳಿಕೆ ಬರುವುದು ಹತ್ತು ಹದಿನೈದು ವರ್ಷ. ಸುಣ್ಣ ಕೆರೆದು ತೆಗೆದು, ಹೊಸ ಕಾಯಿಲ್, ಥರ್ಮೋಸ್ಟಾಟ್, ಆನೋಡ್ ರಾಡ್ ಹಾಕಿ ಕೊಟ್ಟೆ. ಎಲ್ಲಾ ಸೇರಿ ಎರಡೂವರೆ ಸಾವಿರದೊಳಗೆ ಮುಗಿಯಿತು.

ಇಲ್ಲಿ ಒಂದು ತಪ್ಪು ತಿಳುವಳಿಕೆ ಇದೆ. ಸುಣ್ಣ ಕಟ್ಟಿದರೆ ಗೀಸರ್ ಜಾಸ್ತಿ ಕರೆಂಟ್ ತಿನ್ನುತ್ತದೆ ಅಂತ ಎಲ್ಲರೂ ಹೇಳುತ್ತಾರೆ. ಕಾಯಿಲ್ ನೀರಿನೊಳಗೇ ಮುಳುಗಿರುವುದರಿಂದ ಅದರ ಬಿಸಿ ಕೊನೆಗೆ ನೀರಿಗೇ ಹೋಗಬೇಕು, ಬೇರೆ ದಾರಿ ಇಲ್ಲ. ಸುಣ್ಣದಿಂದ ಆಗುವ ತೊಂದರೆ ಬೇರೆ: ಬಿಸಿ ಬೇಗ ನೀರಿಗೆ ಇಳಿಯದೆ ಕಾಯಿಲ್ ಒಳಗೇ ಕಾದು ಸುಟ್ಟುಹೋಗುತ್ತದೆ. ಬಿಲ್ ಏರಿಸುವುದು ಇಡೀ ದಿನ ಆನ್ ಇರುವ ಸ್ವಿಚ್ಚು ಮತ್ತು ಕೊನೇವರೆಗೂ ತಿರುಗಿಸಿಟ್ಟ ಥರ್ಮೋಸ್ಟಾಟ್. ಅದಕ್ಕೇ ಗೀಸರ್ ಕೆಟ್ಟಿತು ಅಂದಾಗ ನಾನು ಮೊದಲು ಕೇಳುವುದು ಟ್ಯಾಂಕ್ ಸೋರುತ್ತಿದೆಯಾ ಅಂತ. ಟ್ಯಾಂಕೇ ತೂತಾಗಿದ್ದರೆ ರಿಪೇರಿಯ ಮಾತೇ ಇಲ್ಲ, ಬದಲಾಯಿಸಬೇಕು. ಕಾಯಿಲ್, ಥರ್ಮೋಸ್ಟಾಟ್ ಹೋಗಿದ್ದರೆ ಅದು ಸಣ್ಣ ಕೆಲಸ.

ಹೀಟ್ ಪಂಪ್ ಕೆಟ್ಟ ಮೆಷಿನ್ ಅಂತ ನಾನು ಹೇಳುತ್ತಿಲ್ಲ. ನನಗೆ ಅದರ ಮೇಲೆ ನಿಜವಾಗಿಯೂ ಪ್ರೀತಿ ಇದೆ. ನಿಮ್ಮ ಫ್ರಿಜ್ಜಿನ ಹಿಂಭಾಗ ಮುಟ್ಟಿ ನೋಡಿ, ಬೆಚ್ಚಗಿರುತ್ತದೆ. ಒಳಗಿನ ಬಿಸಿಯನ್ನು ಎಳೆದು ಹೊರಗೆ ಹಾಕುತ್ತಿದೆ ಅದು. ಹೀಟ್ ಪಂಪ್ ಇದೇ ಕೆಲಸವನ್ನು ಹೊರಗಿನ ಗಾಳಿಯಿಂದ ಮಾಡುತ್ತದೆ. ಗಾಳಿಯಲ್ಲಿರುವ ಬಿಸಿಯನ್ನು ಎಳೆದು ನೀರಿಗೆ ಹಾಕುತ್ತದೆ. ಕರೆಂಟ್ ಖರ್ಚಾಗುವುದು ಕಂಪ್ರೆಸರ್ ಮತ್ತು ಫ್ಯಾನ್ ಓಡಿಸಲು ಮಾತ್ರ, ಹಾಗಾಗಿ ಒಂದು ಯೂನಿಟ್ ಕರೆಂಟಿಗೆ ಮೂರು ಯೂನಿಟ್ಟಿನಷ್ಟು ಬಿಸಿ ಸಿಗುತ್ತದೆ. ಬೆಂಗಳೂರಿನ ಚಳಿಗಾಲದ ಬೆಳಗಿನ 15-16 ಡಿಗ್ರಿ ಅದಕ್ಕೆ ಲೆಕ್ಕಕ್ಕೇ ಇಲ್ಲ, ಆರಾಮಾಗಿ ಓಡುತ್ತದೆ.

ಆದರೆ ಅದರ ದುಡ್ಡು ಹುಟ್ಟುವುದು ಜಾಸ್ತಿ ನೀರು ಕಾಯಿಸಿದಾಗ. ಎಂಟು ಜನರ ಕೂಡು ಕುಟುಂಬ, ಮೂರು ಬಾತ್‌ರೂಮ್, ಎಲ್ಲರಿಗೂ ಶವರ್, ಪಾತ್ರೆ ತೊಳೆಯಲೂ ಬಿಸಿನೀರು ಅನ್ನಿ. ದಿನಕ್ಕೆ ಸುಮಾರು 400 ಲೀಟರ್ ಬೆಚ್ಚನೆ ನೀರು ಬೇಕು. ಗೀಸರಿನಲ್ಲಿ ಅದಕ್ಕೆ ದಿನಕ್ಕೆ 8-9 ಯೂನಿಟ್, ಹೀಟ್ ಪಂಪಿನಲ್ಲಿ 3. ತಿಂಗಳಿಗೆ ಸಾವಿರ ರೂಪಾಯಿಗಿಂತ ಮೇಲೆ ಉಳಿಯುತ್ತದೆ. ಹೇಗಿದ್ದರೂ ಮೂರು ಹೊಸ ಗೀಸರ್ ಕೊಳ್ಳಬೇಕಿದ್ದ ಮನೆಯಾದರೆ ಆ 30 ಸಾವಿರವನ್ನು ಕಳೆದು ನೋಡಿ. ಆಗ ಆರೇಳು ವರ್ಷಕ್ಕೆ ದುಡ್ಡು ವಾಪಸ್. ಪಿಜಿ, ಹಾಸ್ಟೆಲ್, ಚಿಕ್ಕಮಗಳೂರು ಮಡಿಕೇರಿ ಕಡೆಯ ಹೋಮ್‌ಸ್ಟೇಗಳಲ್ಲಿ ಇನ್ನೂ ಬೇಗ, ಅಲ್ಲಿ ನಾನು ಯೋಚನೆ ಮಾಡದೆ ಹಾಕಿಸಿ ಅನ್ನುತ್ತೇನೆ. ಮಂಗಳೂರು ಉಡುಪಿಯಲ್ಲಿ ಗಾಳಿ ಬೆಚ್ಚಗಿರುತ್ತದೆ, ಮೆಷಿನ್ ಚೆನ್ನಾಗಿ ಓಡುತ್ತದೆ. ಆದರೆ ಅಲ್ಲಿ ನಲ್ಲಿ ನೀರೇ ಬೆಚ್ಚಗಿರುವುದರಿಂದ ಉಳಿತಾಯ ಕಡಿಮೆ. ಮಲೆನಾಡಿನಲ್ಲಿ ಬಚ್ಚಲ ಒಲೆಗೆ ಅಡಿಕೆ ಸಿಪ್ಪೆ ಹಾಕಿ ಹಂಡೆ ಕಾಯಿಸುವವರಿಗೆ ಈ ಪ್ರಶ್ನೆಯೇ ಬರುವುದಿಲ್ಲ.

ಗೃಹಜ್ಯೋತಿಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ನಿಮ್ಮ ಬಿಲ್ ಸೊನ್ನೆ ಬರುತ್ತಿದ್ದರೆ ಹೀಟ್ ಪಂಪಿನಿಂದ ಉಳಿಯುವುದೂ ಸೊನ್ನೆ. ಚಳಿಗಾಲದಲ್ಲಿ 200 ಯೂನಿಟ್ ದಾಟಿ ಪೂರ್ತಿ ಬಿಲ್ ಕಟ್ಟುವ ಮನೆಯಾದರೆ ಲೆಕ್ಕ ಬೇರೆ, ಗೀಸರಿನ 50-60 ಯೂನಿಟ್ ಇಳಿದರೆ ಬಿಲ್ಲೇ ಮಾಯ ಆಗಬಹುದು. ಒಂದು ವರ್ಷದ ಬಿಲ್ಲುಗಳನ್ನು ಸಾಲಾಗಿ ಇಟ್ಟು ನೋಡಿ, ಡಿಸೆಂಬರಿಗೂ ಏಪ್ರಿಲ್ಲಿಗೂ ಎಷ್ಟು ವ್ಯತ್ಯಾಸ ಅಂತ.

ಈಗ ಜಾಗದ ವಿಷಯ. ನಾನು ಶುರುವಿನ ದಿನಗಳಲ್ಲಿ ಒಂದು ಮನೆಯ ಯುಟಿಲಿಟಿ ರೂಮಿನಲ್ಲಿ, ಮಳೆ ಬೀಳದಿರಲಿ ಅಂತ, ಬಾಗಿಲು ಮುಚ್ಚುವ ಸಣ್ಣ ಜಾಗದಲ್ಲಿ ಹೀಟ್ ಪಂಪ್ ಕೂರಿಸಿದ್ದೆ. ಮೆಷಿನ್ ತಣ್ಣನೆ ಗಾಳಿ ಹೊರಗೆ ಬಿಡುತ್ತದೆ, ರೂಮ್ ಮುಚ್ಚಿದ್ದರಿಂದ ಅದೇ ತಣ್ಣನೆ ಗಾಳಿಯನ್ನು ಮತ್ತೆ ಎಳೆದುಕೊಳ್ಳುತ್ತಿತ್ತು. ಡಿಸೆಂಬರಿನಲ್ಲಿ ಬೆಳಗ್ಗೆ ಐದಕ್ಕೆ ಫೋನ್ ಬಂತು, ನೀರು ಉಗುರು ಬೆಚ್ಚಗೂ ಆಗಿಲ್ಲ ಅಂತ. ಹೋಗಿ ನೋಡಿದರೆ ರೂಮ್ ಫ್ರಿಜ್ ತರಹ ಆಗಿತ್ತು, ಕೆಳಗೆ ಬಕೆಟ್ಟಿನಷ್ಟು ನೀರು ನಿಂತಿತ್ತು. ಗಾಳಿಯ ತೇವ ಇಳಿದು ನೀರಾಗುತ್ತದೆ, ಅದಕ್ಕೆ ಪೈಪ್ ಕೊಟ್ಟಿರಲಿಲ್ಲ. ನನ್ನ ಖರ್ಚಿನಲ್ಲೇ ಟೆರೇಸಿಗೆ ಸಾಗಿಸಿದೆ. ಈಗ ನಾಲ್ಕೂ ಕಡೆ ಗಾಳಿ ಆಡುವ ಜಾಗ ಇಲ್ಲದಿದ್ದರೆ ಕೆಲಸ ಒಪ್ಪುವುದಿಲ್ಲ. ಅಪಾರ್ಟ್‌ಮೆಂಟಿನ ಬಾಲ್ಕನಿಯಲ್ಲಿ ಪಕ್ಕದವರ ಬೆಡ್‌ರೂಮ್ ಕಿಟಕಿ ಎಲ್ಲಿದೆ ಅಂತಲೂ ನೋಡುತ್ತೇನೆ, ಎಸಿ ಹೊರಘಟಕದಷ್ಟು ಸದ್ದು ಇದ್ದೇ ಇರುತ್ತದೆ. 200 ಲೀಟರಿನದು ನೀರು ತುಂಬಿದಾಗ 250 ಕಿಲೋ ದಾಟುತ್ತದೆ, ಎಲ್ಲಿ ಬೇಕೋ ಅಲ್ಲಿ ಇಡಲಾಗದು.

ಟೆರೇಸಿನಿಂದ ಬಾತ್‌ರೂಮಿಗೆ ಪೈಪ್ ಎಷ್ಟು ಉದ್ದ ಅನ್ನುವುದೂ ಮುಖ್ಯ. ಮುಕ್ಕಾಲು ಇಂಚಿನ ಸಿಪಿವಿಸಿ ಪೈಪ್ 20 ಮೀಟರ್ ಇದ್ದರೆ ಸುಮಾರು 5 ಲೀಟರ್ ತಣ್ಣೀರು ಹೋದ ಮೇಲೆ ಬಿಸಿನೀರು ಬರುತ್ತದೆ. ಒಬ್ಬೊಬ್ಬರು ಒಂದೊಂದು ಹೊತ್ತಿಗೆ ಸ್ನಾನ ಮಾಡುವ ಮನೆಯಲ್ಲಿ ಪ್ರತಿ ಸಲವೂ ಇಷ್ಟು ನೀರು ಹೋಗುತ್ತದೆ, ಪೈಪಿನಲ್ಲಿ ಉಳಿದ ಬಿಸಿಯೂ ಹೋಗುತ್ತದೆ. ಪೈಪಿಗೆ ಇನ್ಸುಲೇಶನ್ ಹಾಕಿಸದೆ ಬಿಡಬೇಡಿ.

ಹಾಕಿಸಿದ ಮೇಲೂ ಬಿಲ್ ಇಳಿದಿಲ್ಲ ಅಂತ ಕೆಲವರು ಕರೆಯುತ್ತಾರೆ. ಹತ್ತರಲ್ಲಿ ಹಲವು ಸಲ ಕಾರಣ ಒಂದೇ. ಬಹಳಷ್ಟು ಮಾಡೆಲ್‌ಗಳ ಒಳಗೆ ಮಾಮೂಲಿ ಗೀಸರ್ ಕಾಯಿಲ್ ಕೂಡ ಇರುತ್ತದೆ, ಬೇಗ ಬಿಸಿಯಾಗಲಿ ಅಂತ ಯಾರೋ ಆ ಮೋಡ್ ಒತ್ತಿ ಹಾಗೇ ಬಿಟ್ಟಿರುತ್ತಾರೆ. ಲಕ್ಷ ಕೊಟ್ಟು ತಂದ ಮೆಷಿನ್ ಗೀಸರ್ ಆಗಿಯೇ ಓಡುತ್ತಿರುತ್ತದೆ. ಹೀಟ್ ಪಂಪ್ ನಿಧಾನ, 100 ಲೀಟರಿಗೆ ಎರಡು ಗಂಟೆ ಬೇಕು ಅಂತ ಮನೆಯವರೆಲ್ಲರಿಗೂ ಮೊದಲೇ ಗೊತ್ತಿರಬೇಕು. ಸೆಟ್ಟಿಂಗ್ 50-55 ಇರಲಿ, ಮೇಲೆ ಹೋದಷ್ಟೂ ಉಳಿತಾಯ ಕಡಿಮೆ. ವಾರಕ್ಕೊಮ್ಮೆ ಮಾತ್ರ 60ಕ್ಕೆ ಏರಿಸಿ, ನಿಂತ ಬಿಸಿನೀರಿನಲ್ಲಿ ಲೀಜನೆಲ್ಲಾ ಅನ್ನುವ ಬ್ಯಾಕ್ಟೀರಿಯಾ ಬೆಳೆಯದಿರಲು ಅದು ಬೇಕು. ಟೈಮರ್ ಇದ್ದರೆ ಮಧ್ಯಾಹ್ನಕ್ಕೆ ಇಡಿ. ಗಾಳಿ ಆಗ ಹೆಚ್ಚು ಬೆಚ್ಚಗಿರುತ್ತದೆ, ಮೇಲೆ ಸೋಲಾರ್ ಪ್ಯಾನೆಲ್ ಇದ್ದರೆ ಅದರ ಕರೆಂಟೂ ಆಗಲೇ ಸಿಗುತ್ತದೆ.

ಸ್ವಂತ ಟೆರೇಸ್ ಇದ್ದು ಬಿಸಿಲು ಬೀಳುತ್ತಿದ್ದರೆ, ನನ್ನ ಮೊದಲ ಮಾತು ಇವತ್ತಿಗೂ ಸೋಲಾರ್ ವಾಟರ್ ಹೀಟರ್. ಹೀಟ್ ಪಂಪಿನ ಅರ್ಧ ಬೆಲೆಯೂ ಇಲ್ಲ, ವರ್ಷದಲ್ಲಿ ಬಹುಪಾಲು ದಿನ ಕರೆಂಟೇ ಬೇಡ. ಇರುವ ಸೋಲಾರ್ ಸರಿಯಾಗಿ ಕಾಯಿಸುತ್ತಿಲ್ಲ ಅಂತ ಅದನ್ನು ಕಿತ್ತು ಹೀಟ್ ಪಂಪ್ ಹಾಕಿಸಲು ಹೊರಟವರನ್ನು ನಾನು ತಡೆದಿದ್ದೇನೆ. ಟ್ಯೂಬಿನಲ್ಲಿ ಸುಣ್ಣ ತುಂಬಿತ್ತು, ಅಷ್ಟೇ. ತೊಳೆದ ಮೇಲೆ ಸರಿಯಾಯಿತು.

ಅಂಗಡಿಗೆ ಹೋಗುವ ಮುಂಚೆ ಒಂದು ವಾರ ಬಚ್ಚಲಲ್ಲಿ ಒಂದು ಚೀಟಿ ಅಂಟಿಸಿಡಿ. ಸ್ನಾನ ಮಾಡಿದವರು ಎಷ್ಟು ಬಕೆಟ್ ಅಂತ ಗೀಟು ಎಳೆಯಲಿ. ಶವರಿನವರು ಒಂದು ದಿನ ಶವರ್ ಕೆಳಗೆ ಬಕೆಟ್ ಇಟ್ಟು ಎಷ್ಟು ನಿಮಿಷಕ್ಕೆ ತುಂಬುತ್ತದೆ ನೋಡಲಿ. ದಿನಕ್ಕೆ ಹತ್ತು ಬಕೆಟ್ ಒಳಗಿದ್ದರೆ ಹಳೇ ಗೀಸರ್ ರಿಪೇರಿ ಮಾಡಿಸಿ, ಅರ್ಥಿಂಗ್ ಸರಿ ಇದೆಯಾ ನೋಡಿಸಿ, ಕರೆಂಟ್ ಸೋರಿದರೆ ತಕ್ಷಣ ಲೈನ್ ಕಡಿಯುವ ಸ್ವಿಚ್ಚು, ಆರ್‌ಸಿಸಿಬಿ, ಒಂದು ಹಾಕಿಸಿ. ಹದಿನೆಂಟು ಇಪ್ಪತ್ತು ದಾಟಿದರೆ ಆ ಚೀಟಿ ಹಿಡಿದು ನನ್ನಂಥವರನ್ನು ಕರೆಯಿರಿ, ಟೆರೇಸ್ ನೋಡೋಣ.